ಎಣಿಕೆಯ ದಿನ ಖಾಲಿಯಿದ್ದ ದಾರಿ

ನಿಮ್ಮ ಮನೆಯಿಂದ ಆಸ್ಪತ್ರೆಗೆ ಹೋಗಲು ಎಷ್ಟು ಹೊತ್ತು ಬೇಕು? ನಮ್ಮ ಬೀದಿಯವರಿಗೆ ಸೈಕಲ್ಲಿನಲ್ಲಿ ಹನ್ನೆರಡು ನಿಮಿಷ ಸಾಕಾಗುತ್ತಿತ್ತು. ಬೀದಿಯ ಕೊನೆಗೆ ಒಂದು ಹಳೆಯ ಗೋದಾಮು. ಅದರ ಗೋಡೆಯಲ್ಲಿ ಒಂದು ಸೈಕಲ್ ನುಸುಳುವಷ್ಟು ಸಂದು. ಸಂದು ದಾಟಿದರೆ ಕಾಲುವೆಯ ದಂಡೆ, ದಂಡೆಯ ಮೇಲೆ ಹೆಜ್ಜೆ ಬಿದ್ದು ಬಿದ್ದು ಗಟ್ಟಿಯಾದ ಮಣ್ಣಿನ ದಾರಿ. ಅದರಲ್ಲಿ ಹೋದರೆ ಶಾಲೆ, ಆಸ್ಪತ್ರೆ, ಬಿಸ್ಕತ್ ಕಾರ್ಖಾನೆ ಎಲ್ಲವೂ ಹತ್ತಿರ. ಇನ್ನೊಂದು ದಾರಿಯೆಂದರೆ ದೊಡ್ಡ ರಸ್ತೆ. ಅಲ್ಲಿ ಲಾರಿಗಳದ್ದೇ ದರ್ಬಾರು, ನಡೆಯುವವರಿಗೆ ಗೇಣು ಜಾಗವೂ ಇಲ್ಲ.

ಈ ಕಥೆ ಹೇಳುತ್ತಿರುವ ನಾನು ಸೈಕಲ್ ರಿಪೇರಿಯವನು. ಸಂದಿನ ಪಕ್ಕದಲ್ಲೇ ನನ್ನ ಅಂಗಡಿ. ಅಂಗಡಿ ಎಂದರೆ ಒಂದು ತಗಡಿನ ಚಪ್ಪರ, ಪಂಕ್ಚರ್ ಹುಡುಕಲು ಒಂದು ನೀರಿನ ತೊಟ್ಟಿ, ಒಂದು ಗಾಳಿ ಪಂಪು. ನನ್ನಾಕೆ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು. ರೋಗಿಗಳ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕುವ ಕೆಲಸ. ಮೂರು ಮುರುಕಲು ಸೈಕಲ್ಲುಗಳನ್ನು ಬಿಚ್ಚಿ ಅವಳಿಗೆ ಒಂದನ್ನು ಜೋಡಿಸಿ ಕೊಟ್ಟಿದ್ದೆ. ಹಸಿರು ಚೌಕಟ್ಟು, ಕೆಂಪು ಮಡ್‌ಗಾರ್ಡು, ಮತ್ತಾವುದೋ ಕಾಲದ ಕಂದು ಸೀಟು. ಬೀದಿಯವರೆಲ್ಲ ಅದನ್ನು 'ಕಲಬೆರಕೆ' ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ಮಗಳನ್ನು ಹಿಂದೆ ಕೂರಿಸಿಕೊಂಡು, ಶಾಲೆಗೆ ಬಿಟ್ಟು, ಎಂಟಕ್ಕೆಲ್ಲ ಅವಳು ಇಸ್ತ್ರಿ ಮೇಜಿನ ಮುಂದೆ ನಿಂತಿರುತ್ತಿದ್ದಳು.

ಒಂದು ಮಧ್ಯಾಹ್ನ ನಗರಸಭೆಯಿಂದ ಒಬ್ಬ ಹುಡುಗಿ ಬಂದಳು. ಕಂಕುಳಲ್ಲಿ ಸುರುಳಿ ಸುತ್ತಿದ ನಕ್ಷೆ, ಬೆನ್ನೆಲ್ಲ ಬೆವರು.

"ಅಣ್ಣ, ನಡೆಯೋರಿಗೆ, ಸೈಕಲ್ ಹೊಡೆಯೋರಿಗೆ ಅಂತಾನೇ ಬೇರೆ ದಾರಿಗಳನ್ನ ಮಾಡ್ತಾ ಇದ್ದೀವಿ. ಊರೆಲ್ಲ ಒಂದಕ್ಕೊಂದು ಕೂಡೋ ಹಾಗೆ. ಜನ ಈಗ ಎಲ್ಲಿ ಓಡಾಡ್ತಾರೋ ಅಲ್ಲಿ ಗೆರೆ ಎಳೀತೀವಿ. ಸೈಕಲ್ ಅಂಗಡಿಯೋರು ನೀವು, ನಿಮಗೆ ಗೊತ್ತಿಲ್ದೆ ಇರುತ್ತಾ? ಕಾಲುವೆ ದಂಡೆ ಮೇಲೆ ಜನ ಹೋಗ್ತಾರಾ?"

ಸಂದು ಇರುವುದು ಗೋದಾಮಿನವರ ಗೋಡೆಯಲ್ಲಿ. ಕಚೇರಿಯವರ ಕಣ್ಣಿಗೆ ಬಿದ್ದರೆ ನಾಳೆಯೇ ಮುಚ್ಚಿಸಿಬಿಡುತ್ತಾರೆ ಎಂದುಕೊಂಡೆ.

"ದಂಡೆ ಮೇಲಾ? ಅಯ್ಯೋ, ಅಲ್ಲಿ ಯಾರಮ್ಮ ಹೋಗ್ತಾರೆ? ಬರೀ ಮುಳ್ಳು, ಹಾವು" ಎಂದೆ. ಹಾಗೆನ್ನುವಾಗ ನಾನು ಒಂದು ಟೈರಿನಿಂದ ಮುಳ್ಳು ಕೀಳುತ್ತಿದ್ದೆ. ಅದು ಅದೇ ದಂಡೆಯ ಮುಳ್ಳು.

ಹುಡುಗಿ ಬರೆದುಕೊಂಡಳು. "ಆದ್ರೂ ಬರೋ ಮಂಗಳವಾರ ದಂಡೆ ಮೇಲೆ ಒಬ್ರು ಕೂತು ಎಣಿಸ್ತಾರೆ ಅಣ್ಣ. ಬೆಳಿಗ್ಗೆ ಆರರಿಂದ ಸಂಜೆ ಆರರ ತನಕ" ಎಂದು ಹೇಳಿ ಹೋದಳು.

ಆ ಸಂಜೆ ನಲ್ಲಿಯ ಹತ್ತಿರ ಬೀದಿಯವರನ್ನೆಲ್ಲ ಸೇರಿಸಿದವನು ನಾನೇ. "ಮಂಗಳವಾರ ಯಾರೂ ಸಂದಿನ ಕಡೆ ತಲೆ ಹಾಕಬೇಡಿ. ಎಲ್ಲರೂ ದೊಡ್ಡ ರಸ್ತೇಲಿ ಹೋಗಿ. ಒಂದು ದಿನ ಸುತ್ತಿದ್ರೆ ಕಾಲೇನೂ ಸವೆಯಲ್ಲ" ಎಂದೆ. ಎಲ್ಲರೂ ಹೂಂಗುಟ್ಟಿದರು. ಬೇಡ ಎಂದವಳು ನರ್ಸಕ್ಕ ಒಬ್ಬಳೇ. ಅವಳು ಮಕ್ಕಳಿಗೆ ಚುಚ್ಚುಮದ್ದು ಹಾಕುವವಳು. ಎರಡು ಮನೆ ಆಚೆಗಿದ್ದಾಳೆ. ನನ್ನ ಮಗಳೂ ಅವಳ ಸೂಜಿ ಕಂಡು ಕಿರುಚಿದವಳೇ.

"ತಮ್ಮಾ, ಸ್ವಲ್ಪ ಯೋಚನೆ ಮಾಡು" ಎಂದಳು. "ನಕ್ಷೆ ಮೇಲೆ ಬಂದ್ರೆ ಅದು ಎಲ್ಲರ ದಾರಿ ಆಗುತ್ತೆ. ನಾಳೆ ಯಾರಾದ್ರೂ ಗೋಡೆ ಕಟ್ಟೋಕೆ ಬಂದ್ರೆ, ಇಲ್ಲಿ ದಾರಿ ಇದೆ ಅಂತ ಕಚೇರಿಯೋರೇ ಅಡ್ಡ ನಿಲ್ತಾರೆ. ನಕ್ಷೆ ಮೇಲೆ ಇಲ್ದಿದ್ರೆ ಅದು ಗೋದಾಮಿನವರು ಸುಮ್ನಿರೋ ತನಕ ಮಾತ್ರ ನಮ್ಮದು."

"ಅಕ್ಕಾ, ಕಚೇರಿಯೋರು ಬಡವರಿಗೆ ದಾರಿ ಬಿಡಿಸಿಕೊಟ್ಟದ್ದು ಎಲ್ಲಾದ್ರೂ ಕಂಡಿದ್ದೀರಾ?"

"ನಾವು ಕೇಳಿದ್ದು ಎಲ್ಲಾದ್ರೂ ಕಂಡಿದ್ದೀಯಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಅವಳ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮಂಗಳವಾರ ಬೆಳಿಗ್ಗೆ ನನ್ನಾಕೆ ಹೊಸಿಲಲ್ಲಿ ಕಲಬೆರಕೆಯನ್ನು ಹಿಡಿದುಕೊಂಡು ನಿಂತೇ ಇದ್ದಳು. "ರೀ, ಆ ಲಾರಿ ಗಾಳಿಗೇ ಸೈಕಲ್ ವಾಲುತ್ತೆ. ಮಗು ಬೇರೆ ಹಿಂದೆ ಇರ್ತಾಳೆ. ನಾನೊಬ್ಬಳು ದಂಡೆ ಮೇಲೆ ಹೋದ್ರೆ ಏನಾಗುತ್ತೆ?"

"ಒಬ್ಬರು ಹೋದ್ರೂ ಲೆಕ್ಕಕ್ಕೆ ಬಂತಲ್ಲ. ಒಂದು ದಿನ ತಾನೇ, ಹೋಗು" ಎಂದೆ.

ಅವಳು ಮಗಳನ್ನು ಇಳಿಸಿ, ಸೈಕಲ್ಲನ್ನು ತಳ್ಳಿಕೊಂಡೇ ದೊಡ್ಡ ರಸ್ತೆಯ ಅಂಚಿನಲ್ಲಿ ನಡೆದಳು. ಕೆಲಸಕ್ಕೆ ಮುಕ್ಕಾಲು ಗಂಟೆ ತಡವಾಗಿ ಬೈಸಿಕೊಂಡಳು. ಇತ್ತ ಎಣಿಸುವ ಹೆಂಗಸು ಕೊಡೆ ಹಿಡಿದು ದಂಡೆಯ ಮೇಲೆ ಹನ್ನೆರಡು ಗಂಟೆ ಕೂತಳು. ಮಧ್ಯಾಹ್ನ ಸಂದಿನಿಂದ ಈಚೆ ಬಂದು ನೀರು ಕೇಳಿದಾಗ ಕೊಟ್ಟೆ. ಕೊಡುತ್ತಲೇ ಅವಳ ಹಾಳೆಯನ್ನು ಇಣುಕಿ ನೋಡಿದೆ. ಒಂದೇ ಒಂದು ಗೀಟು ಇತ್ತು. ಸಂಜೆಗೆ ಅದು ಎರಡಾಯಿತು. ಹೋಗಿದ್ದೂ ನರ್ಸಕ್ಕ, ಬಂದಿದ್ದೂ ನರ್ಸಕ್ಕ. ದಿನಕ್ಕೆ ನಾನೂರು ಸಲ ತುಳಿಯುವ ದಾರಿಗೆ ಎರಡು ಗೀಟು. ಕಚೇರಿಯವರ ಕಣ್ಣಿಗೇ ಮಣ್ಣೆರಚಿದೆವು ಎಂದು ನಾನು ಬೀಗಿದ್ದೇ ಬೀಗಿದ್ದು. ಬೆನ್ನು ತಟ್ಟಿಸಿಕೊಂಡೆ ಕೂಡ. ನೆನೆದರೆ ಈಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಎಂಟು ತಿಂಗಳಾದ ಮೇಲೆ ಗೋದಾಮು ಬೇರೆಯವರ ಕೈಗೆ ಹೋಯಿತು. ಹೊಸಬರು ಹಳೆಯ ಗೋಡೆ ಕೆಡವಿ ದಂಡೆಯ ನೀರಿನಂಚಿಗೇ ಹೊಸ ಗೋಡೆ ಎಬ್ಬಿಸಿದರು. ಆಳೆತ್ತರದ ಗೋಡೆ, ಮೇಲೆ ಗಾಜಿನ ಚೂರು. ನಾವು ದಂಡು ಕಟ್ಟಿಕೊಂಡು ನಗರಸಭೆಗೆ ಓಡಿದೆವು. ಅದೇ ಹುಡುಗಿ ಮೇಜಿನ ಮೇಲೆ ನಕ್ಷೆ ಹರಡಿದಳು. ಊರ ತುಂಬ ಹಸಿರು ಗೆರೆಗಳು. ಕೆರೆಯ ಸುತ್ತ, ಮಾರುಕಟ್ಟೆಗೆ, ಆಚೆ ಬಡಾವಣೆಗಳಿಂದ ಶಾಲೆಗೆ. ನಮ್ಮ ಬೀದಿಯ ಕಡೆ ಮಾತ್ರ ಬರೀ ಬಿಳಿ ಕಾಗದ.

"ದಾರಿ ಇಲ್ಲದ ಕಡೆ ಕಟ್ಟೋದಕ್ಕೆ ಅನುಮತಿ ಕೊಟ್ಟಿದ್ದಾರೆ ಅಣ್ಣ" ಎಂದಳು. ಆಮೇಲೆ ದನಿ ತಗ್ಗಿಸಿ, "ನೀವೇ ಹೇಳಿದ್ರಲ್ಲ, ಮುಳ್ಳು, ಹಾವು ಅಂತ" ಎಂದಳು. ಅವಳು ಹಂಗಿಸಲಿಲ್ಲ. ಹಂಗಿಸಿದ್ದರೆ ಜಗಳವಾದರೂ ಆಡಬಹುದಿತ್ತು.

ಅಂದಿನಿಂದ ಎಲ್ಲರಿಗೂ ದೊಡ್ಡ ರಸ್ತೆಯೇ ಗತಿಯಾಯಿತು. ಒಂದು ದಿನ ತಾನೇ ಎಂದಿದ್ದೆನಲ್ಲ, ಅದು ದಿನಾ ಆಯಿತು. ಹತ್ತೊಂಬತ್ತನೆಯ ದಿನ ನನ್ನಾಕೆ ಮಗಳನ್ನು ಶಾಲೆಗೆ ಬಿಟ್ಟು ಆಸ್ಪತ್ರೆಯ ಕಡೆ ತಿರುಗಿದ್ದಳು. ಲಾರಿ ಅವಳಿಗೆ ತಾಗಲೇ ಇಲ್ಲವಂತೆ. ಅದರ ಗಾಳಿಗೆ ಸೈಕಲ್ ವಾಲಿತು, ರಸ್ತೆಯ ಅಂಚು ಮುರಿದಿತ್ತು, ಬಿದ್ದಳು. ಹಿಂದೆ ಬಂದ ಲಾರಿಯ ಚಕ್ರ ಎಡಗಾಲಿನ ಮೇಲೆ ಹಾಯಿತು. ಅದೇ ಆಸ್ಪತ್ರೆಗೆ ಒಯ್ದರು. ಅವಳೇ ಇಸ್ತ್ರಿ ಹಾಕಿ ಮಡಚಿಟ್ಟಿದ್ದ ಬಟ್ಟೆಯ ಮೇಲೆ ಅವಳನ್ನು ಮಲಗಿಸಿದರು. ಮೊಣಕಾಲಿನ ಕೆಳಗೆ ಕಾಲು ಉಳಿಯಲಿಲ್ಲ.

ಎರಡು ತಿಂಗಳು ನಮ್ಮ ಮನೆಯಲ್ಲಿ ಮಾತಿರಲಿಲ್ಲ. ಸೊಟ್ಟಗಾದ ಕಲಬೆರಕೆ ಅಂಗಡಿಯ ಮೊಳೆಯಲ್ಲಿ ನೇತಾಡುತ್ತಿತ್ತು. ಎಂಥ ಸೊಟ್ಟ ಚಕ್ರವನ್ನೂ ನೆಟ್ಟಗೆ ಮಾಡುವ ನನಗೆ ಅದನ್ನು ಮುಟ್ಟಲು ಕೈ ಬರಲಿಲ್ಲ. ಮಗಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಕೂರಿಸಿದ್ದೆ. ಆ ರಸ್ತೆಗೆ ಅವಳನ್ನೂ ಕೊಡಲು ನನಗೆ ಧೈರ್ಯವಿರಲಿಲ್ಲ. ಅವಳು ಹಳೆಯ ಪುಸ್ತಕವನ್ನೇ ಮೊದಲಿನಿಂದ ಓದುತ್ತಿದ್ದಳು.

ಆಗ ನರ್ಸಕ್ಕ ಒಂದು ಹಾಳೆ ಹಿಡಿದು ಬಂದಳು. "ತಮ್ಮಾ, ಆ ನಕ್ಷೆಯ ಮುಂದಿನ ಹಂತ ಇನ್ನೂ ಕರಡು. ಕಚೇರಿ ಗೋಡೆಗೆ ಅಂಟಿಸಿದ್ದಾರೆ. ತಪ್ಪಿದ್ರೆ ಬರೆದು ಕೊಡಿ ಅಂತ ಕೇಳಿದ್ದಾರೆ. ಇನ್ನು ಹತ್ತು ದಿನ ಇದೆ."

"ಬರೆದು ಕೊಟ್ರೆ ಇವಳ ಕಾಲು ಬರುತ್ತಾ?" ನನ್ನ ದನಿ ನನಗೇ ಒರಟಾಗಿ ಕೇಳಿಸಿತು.

"ಬರಲ್ಲ."

"ಗೋಡೆ ಬೀಳುತ್ತಾ?"

"ಅದೂ ಕಷ್ಟ. ಕಾಲುವೆ ಆಚೆ ದಂಡೆ ಇನ್ನೂ ಖಾಲಿ ಇದೆ, ಒಂದು ಕಿರುಸೇತುವೆ ಹಾಕಿದ್ರೆ ದಾರಿ ಆಗುತ್ತೆ. ಅದಕ್ಕೂ ಯಾರೋ ಗೋಡೆ ಕಟ್ಟೋ ಮುಂಚೆ ಹೇಳಬೇಕು. ಬರೀ ದಾರಿ ಬೇಕು ಅಂದ್ರೆ ಆಗಲ್ಲ. ಯಾರು, ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತಿಗೆ ಹೋಗ್ತಾರೆ ಅಂತ ಮನೆ ಮನೆಯಿಂದ ಬರೆಸಬೇಕು."

"ಈಗ ಯಾರು ನಂಬ್ತಾರೆ ಅಕ್ಕಾ? ಆಗ ಯಾರೂ ಇಲ್ಲ ಅಂದವನು ನಾನೇ. ಯಾವ ಮುಖ ಇಟ್ಕೊಂಡು ಹೋಗ್ಲಿ?"

ಮಂಚದಿಂದ ನನ್ನಾಕೆಯ ದನಿ ಬಂತು. "ಹೋಗ್ರೀ. ಸುಳ್ಳು ಹೇಳೋಕೆ ಮುಖ ಇತ್ತಲ್ಲ."

ಮಾತು ಬಿಟ್ಟ ಮೇಲೆ ಅವಳು ಆಡಿದ ಮೊದಲ ಮಾತು ಅದು. ನಾನು ಎದ್ದು ಅಂಗಿ ಹಾಕಿಕೊಂಡೆ.

ನಾನೂ ನರ್ಸಕ್ಕನೂ ಮನೆ ಮನೆ ಹತ್ತಿದೆವು. ಯಾರಿಗೂ ನಂಬಿಕೆಯಿರಲಿಲ್ಲ, ನನಗೂ ಇರಲಿಲ್ಲ. ಆದರೂ ಬರೆಸಿದರು. ಬಿಸ್ಕತ್ ಕಾರ್ಖಾನೆಯ ಹೆಂಗಸರು, ಕೋಲೂರಿಕೊಂಡು ಔಷಧಿಗೆ ಹೋಗುವ ಮುದುಕ, ಅವಳಿ ಮಕ್ಕಳ ತಾಯಿ. ಗೋಡೆ ಬಂದ ಮೇಲೆ ಆ ಮುದುಕ ಔಷಧಿಯನ್ನೇ ಬಿಟ್ಟಿದ್ದನಂತೆ, ನಮಗೆ ಗೊತ್ತೇ ಇರಲಿಲ್ಲ.

ಅಹವಾಲಿನ ದಿನ ಕಚೇರಿಯ ಉದ್ದನೆಯ ಕೋಣೆಯಲ್ಲಿ ನನ್ನ ಸರದಿ ಬಂದಾಗ ಎದ್ದು ನಿಂತೆ. "ಎಣಿಸೋ ದಿನ ನಮ್ಮೋರನ್ನೆಲ್ಲ ಬೇರೆ ಕಡೆ ಕಳಿಸಿದವನು ನಾನೇ ಸಾರ್. ನಿಮ್ಮ ಹಾಳೆ ಸುಳ್ಳಲ್ಲ, ನಾನು ಸುಳ್ಳು" ಎಂದೆ. ನಕ್ಷೆಯ ಹುಡುಗಿ ತಲೆ ಎತ್ತಲಿಲ್ಲ. ಅಧಿಕಾರಿ ನಮ್ಮ ಹಾಳೆಗಳನ್ನೆಲ್ಲ ಸಮಾಧಾನವಾಗಿ ತಿರುವಿ ಹಾಕಿದರು.

"ನೀವು ಆಗಲೇ ಹೇಳಿದ್ರೆ ಮೊದಲ ಹಂತದಲ್ಲೇ ಬರ್ತಿತ್ತು. ಶಾಲೆ, ಆಸ್ಪತ್ರೆ ಎರಡೂ ಕೂಡೋ ದಾರಿ, ಬಿಡೋ ಮಾತೇ ಇರ್ಲಿಲ್ಲ. ಈಗ ಮೊದಲ ಹಂತದ ಕೆಲಸ ಹಂಚಿಹೋಗಿದೆ. ಆಚೆ ದಂಡೆಯನ್ನ ಎರಡನೇ ಹಂತಕ್ಕೆ ಹಾಕ್ತೀನಿ."

"ಅದು ಯಾವಾಗ ಸಾರ್?"

"ಹೇಳೋಕಾಗಲ್ಲ. ಆದ್ರೆ ಅಲ್ಲಿ ಇನ್ನು ಯಾರಿಗೂ ಗೋಡೆ ಕಟ್ಟೋಕೆ ಅನುಮತಿ ಸಿಗಲ್ಲ." ಅವರು ಕೆಂಪು ಪೆನ್ನಿನಲ್ಲಿ ಬಿಳಿ ಕಾಗದದ ಮೇಲೆ ಚುಕ್ಕಿ ಚುಕ್ಕಿಯಾಗಿ ಒಂದು ಗೆರೆ ಎಳೆದರು. ಮಗಳು ಶಾಲೆ ಮುಗಿಸುವುದರೊಳಗೆ ಆ ಚುಕ್ಕಿಗಳು ಕೂಡುತ್ತವೆ ಎಂಬ ನಂಬಿಕೆ ನನಗಿಲ್ಲ.

ಮನೆಗೆ ಬಂದಾಗ ನನ್ನಾಕೆ ಗೋಡೆಗೆ ಒರಗಿ ಕೂತಿದ್ದಳು. ಬಗಲಿಗೆ ಊರುಗೋಲು.

"ಬರ್ಕೊಂಡ್ರಾ?"

"ಬರ್ಕೊಂಡ್ರು."

"ಎಷ್ಟು ಜನ ಆಯ್ತು?"

"ಇನ್ನೂರ ಹದಿನಾಲ್ಕು."

"ನಾನೂ ಸೇರಿ?"

ನಾನು ಕೈಯಲ್ಲಿದ್ದ ಪ್ರತಿಯನ್ನು ಮಡಚಿದೆ. ಹಾಳೆಯ ತಲೆಯ ಮೇಲೆ 'ಸದ್ಯ ನಡೆದು ಅಥವಾ ಸೈಕಲ್ಲಿನಲ್ಲಿ ಹೋಗುವವರು' ಎಂದು ಅಚ್ಚಾಗಿತ್ತು. ನಮ್ಮ ಮನೆಯಿಂದ ಇಬ್ಬರನ್ನು ಬರೆದಿದ್ದೆ, ನಾನು ಮತ್ತು ಮಗಳು. ಅವಳಿಗೆ ಅದು ನನ್ನ ಮುಖದಲ್ಲೇ ತಿಳಿಯಿತು.

"ಎಣಿಸೋ ದಿನ ನಾನು ಸೈಕಲ್ ಹಿಡ್ಕೊಂಡು ನಿಂತಿದ್ದೆ" ಎಂದಳು. "ಬೇಡ ಅಂದ್ರಿ."

ಮಗಳು ಈಗ ಮತ್ತೆ ಶಾಲೆಗೆ ಹೋಗುತ್ತಾಳೆ. ಅವಳಮ್ಮ ಹಟ ಹಿಡಿದು ಕಳಿಸಿದ್ದಾಳೆ. ನರ್ಸಕ್ಕನ ಕೈ ಹಿಡಿದು, ಅದೇ ದೊಡ್ಡ ರಸ್ತೆಯ ಮುರಿದ ಅಂಚಿನಲ್ಲಿ. ಅವಳು ವಾಪಸ್ ಬರುವ ತನಕ ನನಗೆ ಕೆಲಸ ಹತ್ತುವುದಿಲ್ಲ. ಒಂದು ಟ್ಯೂಬನ್ನೇ ನಾಲ್ಕು ಸಲ ನೀರಿಗೆ ಅದ್ದುತ್ತೇನೆ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಬೀದಿಗೂ ಒಂದು ದಿನ ನಕ್ಷೆ ಹಿಡಿದವರು ಬಂದಾರು. ನಿಮ್ಮ ಒಳದಾರಿಯನ್ನು ಬಚ್ಚಿಡಬೇಡಿ. ಯಾರು, ಎಲ್ಲಿಂದ ಎಲ್ಲಿಗೆ, ಯಾವ ಹೊತ್ತಿಗೆ ಹೋಗುತ್ತೀರಿ, ಇದ್ದದ್ದು ಇದ್ದ ಹಾಗೆ ಹೇಳಿ. ಮಕ್ಕಳನ್ನು, ಕೋಲೂರಿ ನಡೆಯುವವರನ್ನು, ನಡೆಯಲಾಗದೆ ಮನೆಯಲ್ಲಿ ಕೂತವರನ್ನೂ ಬರೆಸಿ. ಅಚ್ಚಿನಲ್ಲಿ ಅವರಿಗೆ ಜಾಗವಿಲ್ಲದಿದ್ದರೆ ಪಕ್ಕದಲ್ಲಿ ಬರೆಯಿರಿ. ಕರಡು ನಕ್ಷೆ ಅಂಟಿಸಿದರೆಂದು ಕೇಳಿದ ಕೂಡಲೇ ಹೋಗಿ, ನಿಮ್ಮ ಬೀದಿ ಎಲ್ಲಿದೆ ಎಂದು ಬೆರಳಿಟ್ಟು ಹುಡುಕಿ. ಬಿಳಿ ಕಾಗದ ಕಂಡರೆ ಗಡುವಿನೊಳಗೆ ಬರೆದು ಕೊಟ್ಟು ರಸೀದಿ ತೆಗೆದುಕೊಳ್ಳಿ.

ಎಣಿಸುವವರು ಬಂದ ದಿನ ದಿನಾ ಹೋಗುವ ದಾರಿಯಲ್ಲೇ ಹೋಗಿ. ಮನೆಯವರು ಸೈಕಲ್ ಹಿಡಿದು ಹೊಸಿಲಲ್ಲಿ ನಿಂತಿದ್ದರೆ, ಹೋಗಲು ಬಿಡಿ.