ಜನವರಿ ಒಂದರಂದು ಹುಟ್ಟಿದವರು

ಸುಗಲಾಬಾಯಿ ತೀರಿಕೊಂಡ ಸುದ್ದಿ ಮೊಮ್ಮಗಳು ಸಾರಿಕಾಳಿಗೆ ಮುಟ್ಟಿದ್ದು ಮೇ ತಿಂಗಳ ಒಂದು ಬುಧವಾರ, ಹನ್ನೊಂದು ಗಂಟೆಯ ಸುಮಾರಿಗೆ. ಸೋಲಾಪುರದಲ್ಲಿ ಅವಳು ಕೆಲಸ ಮಾಡುತ್ತಿದ್ದ ಕಚೇರಿಯಲ್ಲಿ ಕೂಲರ್ ಗುಂಯ್ ಎನ್ನುತ್ತಿತ್ತು. ಫೋನಿನಲ್ಲಿ ಅಜ್ಜ ಅಣ್ಣಾರಾಯ ಆಡಿದ್ದು ಮೂರೇ ಮಾತು: "ಆಯಿ ಹೋದಳವ್ವಾ. ಚಹಾ ಕುಡದು ಹಂಗ ಗ್ವಾಡಿಗಿ ಒರಗಿದ್ಳು. ಲಗೂ ಬಾ."

ಅಳು ಬರುವ ಮೊದಲು ಅವಳ ಮನಸ್ಸಿಗೆ ಬಂದದ್ದು, ಇನ್ನೂ ಹದಿನಾಲ್ಕು ವರ್ಷ ಇತ್ತಲ್ಲ ಎಂಬ ವಿಚಾರ. ಅದನ್ನು ನೆನೆದು ಅವಳು ಆಮೇಲೆ ಬಹಳ ದಿನ ನಾಚಿದಳು.

ಆ ಹದಿನಾಲ್ಕು ವರ್ಷ ಎಲ್ಲಿಂದ ಬಂತು ಎಂಬುದನ್ನು ಹೇಳಬೇಕು. ಸಾರಿಕಾ ಪುಣೆಯಲ್ಲಿ ಸಂಖ್ಯಾಶಾಸ್ತ್ರ ಓದುವ ಹುಡುಗಿ. ಬೇಸಿಗೆಗೆ ಅಜ್ಜ, ಆಯಿ ಇದ್ದ ವಳಸಂಗದ ಮನೆಗೆ ಬಂದವಳು ಸೋಲಾಪುರದ ಒಂದು ಕಚೇರಿಯಲ್ಲಿ ಎರಡು ತಿಂಗಳ ಇಂಟರ್ನ್‌ಶಿಪ್ ಹಿಡಿದಿದ್ದಳು. ಯಾವ ವಯಸ್ಸಿನಲ್ಲಿ ಎಷ್ಟು ಜನ ತೀರಿಕೊಳ್ಳುತ್ತಾರೆ, ಉಳಿದವರು ಸರಾಸರಿ ಎಷ್ಟು ವರ್ಷ ಬದುಕುತ್ತಾರೆ ಎಂದು ಕೋಷ್ಟಕ ಕಟ್ಟಿ ವಿಮೆ, ಪಿಂಚಣಿ ನಡೆಸುವವರಿಗೆ ಹೇಳುವುದು ಆ ಕಚೇರಿಯ ಕೆಲಸ. ಅವಳ ಪಾಲಿಗೆ ಕುರಿಗಾರರ ಸಂಘವೊಂದರ ಸದಸ್ಯರ ಯಾದಿ ಬಂದಿತು. ತೆರೆದು ನೋಡಿದರೆ ಅರ್ಧಕ್ಕರ್ಧ ಮಂದಿ ಜನವರಿ ಒಂದರಂದೇ ಹುಟ್ಟಿದ್ದರು!

ಕೆಲಸ ಕಲಿಸುವ ಶೈಲೇಶ ಸರ್ ನಕ್ಕರು. "ಜನ್ಮತಾರೀಖ ಗೊತ್ತಿಲ್ಲ ಅಂದವರಿಗೆಲ್ಲಾ ಆಧಾರ ಕಾರ್ಡ್ ಮಾಡಾವರು ಅದನ್ನ ಬರೀತಾರ. ದೇವರೇನು ಒಂದ ದಿನ ಇಷ್ಟ ಮಂದಿನ್ನ ಟ್ರಕ್ಕಿನ್ಯಾಗ ತಂದ ಇಳಿಸ್ಯಾನೇನು? ಫೋನ್ ಹಚ್ಚು, ಕೇಳು."

ಸಾರಿಕಾ ದಿನವಿಡೀ ಕೇಳಿದಳು. ಎಪ್ಪತ್ತೆರಡರ ಬರಕ್ಕ ನೀವು ಎಷ್ಟ ದೊಡ್ಡಾವರಿದ್ರಿ? ಕಿಲ್ಲಾರಿ ಭೂಕಂಪ ಆದಾಗ ಮಗಳ ಲಗ್ನ ಆಗಿತ್ತೇನ್ರಿ? ಹುಲಜಂತಿಯ ಖಂಡಪ್ಪ ಎಂಬ ಮುದುಕ ಹೇಳಿದ: "ಬರದಾಗ ನನಗ ಮೀಸಿ ಬಂದಿದ್ದಿಲ್ಲವ್ವಾ. ಆದ್ರ ನೂರ ಕುರಿ ನನ್ನ ಮಾತ ಕೇಳತಿದ್ದೂ. ಈಗ ಒಬ್ಬ ಸೊಸಿ ಕೇಳವಲ್ಲಳು, ಇದನ್ನೂ ಬರಕೋ!" ಇಂಥ ಮಾತುಗಳಿಂದ ಅವಳು ಒಬ್ಬೊಬ್ಬರ ನಿಜ ವಯಸ್ಸು ತೆಗೆಯುತ್ತಿದ್ದಳು. ಮಧ್ಯಾಹ್ನದ ಬಿಸಿಲಿಗೆ ಕಣ್ಣು ಎಳೆದಾಗ ಪರದೆಯ ಅಂಕಿಗಳಿಗೆ ಕಾಲು ಮೂಡಿ, ಒಂದರ ಹಿಂದೆ ಒಂದು ಕಿಟಕಿಯಾಚೆಯ ಝಳದೊಳಕ್ಕೆ ನಡೆದುಹೋದಂತೆ ಕಾಣುತ್ತಿತ್ತು. ಹೆಗಲಿಗೆ ಕಂಬಳಿ ಹಾಕಿಕೊಂಡ ಯಾರೋ ಅವುಗಳನ್ನು ಹೊಡೆದುಕೊಂಡು ಹೋಗುತ್ತಿದ್ದರು. ಮುಖ ಮಾತ್ರ ಕಾಣುತ್ತಿರಲಿಲ್ಲ.

ಒಂದು ಸಂಜೆ ಮನೆಯಲ್ಲಿ ತಮಾಷೆಗೆಂದು ಆಯಿಯ ಕಾರ್ಡು ನೋಡಿದಳು. ಜನವರಿ ಒಂದು, ೧೯೫೮. ಕೋಷ್ಟಕದಲ್ಲಿ ಬೆರಳಿಟ್ಟು, "ಆಯೀ, ನಿನಗ ಇನ್ನ ಹದಿನಾಲ್ಕ ವರ್ಷ ಐತಿ!" ಎಂದಳು.

"ಯಮನ ಆಫೀಸಿನ್ಯಾಗ ನೌಕರಿ ಸಿಕ್ಕೈತೇನ ನಿನಗ?" ಎಂದು ಸುಗಲಾಬಾಯಿ ಬಾಯ್ತುಂಬ ನಕ್ಕಳು. ನಕ್ಕು, "ಈ ಗುರುವಾರ ನನ್ನ ಅಕ್ಕಲಕೋಟಿಗೆ ಕರಕೊಂಡ ಹೋಗ. ಸ್ವಾಮಿ ದರ್ಶನ ಮಾಡಿ ಬರೂಣು," ಎಂದಳು.

"ಗುರುವಾರ ರಿಪೋರ್ಟ್ ಕೊಡೂದೈತಿ. ಮುಂದಿನ ತಿಂಗಳ ಹೋಗೂಣಂತ. ಗಡಬಡಿ ಏನೈತಿ ಆಯೀ, ಹದಿನಾಲ್ಕ ವರ್ಷ ಐತಲ್ಲ."

ಆ ಗುರುವಾರ ಹೋಯಿತು. ಮುಂದಿನ ಗುರುವಾರ ಬರುವುದಕ್ಕೆ ಒಂದು ದಿನ ಇರುವಾಗ ಆಯಿ ಹೋದಳು.

ದಿನಕರ್ಮ ಮುಗಿದು, ಸೂತಕ ಕಳೆದ ಮೇಲಿನ ಗುರುವಾರ ಅಜ್ಜ ಮೊಮ್ಮಗಳು ಅಕ್ಕಲಕೋಟೆಯ ಎಸ್‌ಟಿ ಬಸ್ಸು ಹತ್ತಿದರು. ಅಣ್ಣಾರಾಯ ಮುಂದೆ, ಡ್ರೈವರನ ಹಿಂದಿನ ಸೀಟಿನಲ್ಲಿ ಕುಳಿತ. ಸಾರಿಕಾಳ ಪಕ್ಕದ ಸೀಟು ಖಾಲಿ ಉಳಿಯಿತು. ಬಿಸಿಗಾಳಿಗೆ ಅವಳಿಗೆ ಜೋಂಪು ಹತ್ತಿತು. ಆ ಜೋಂಪಿನಲ್ಲಿ ಆಯಿ ಕಿಟಕಿಯ ಬದಿ ಕುಳಿತಿದ್ದಳು. ಸೆರಗು ಹಾರುತ್ತಿತ್ತು. ಕೂಳೆ ಉಳಿದ ಜೋಳದ ಹೊಲಗಳನ್ನು ನೋಡುತ್ತ, ಚಿಕ್ಕ ಹುಡುಗಿಯ ಹಾಗೆ, "ಇದು ಯಾವ ಊರ? ಇದು ಯಾವ ಊರ?" ಎಂದು ಕೇಳುತ್ತಿದ್ದಳು. ಸಾರಿಕಾ ಹೇಳುತ್ತ ಹೋದಳು. ಕಂಡಕ್ಟರ್ "ಅಕ್ಕಲಕೋಟ್, ಉತರಾ!" ಎಂದು ಕೂಗಿ ಮಂದಿಯನ್ನು ಇಳಿಸತೊಡಗಿದಾಗ ಸೀಟಿನ ಮೇಲೆ ಬರೀ ಬಿಸಿಲು ಬಿದ್ದಿತ್ತು.

ಸ್ವಾಮಿಯ ಗುಡಿಯ ಆಲದ ಮರದ ಹತ್ತಿರ ಕುಳಿತು ಅವಳು ಅಜ್ಜನಿಗೆ ಎಲ್ಲ ಹೇಳಿದಳು, ಹದಿನಾಲ್ಕು ವರ್ಷದ ಮಾತನ್ನೂ.

"ಐವತ್ತೆಂಟರಾಗ ಹುಟ್ಟಿದಾಕಿ?" ಅಣ್ಣಾರಾಯ ಅವಳ ಮುಖ ನೋಡಿದ. "ಬರದ ವರ್ಷ ಆಕಿ ಎರಡ ಕೂಸಿನ ತಾಯಿ. ಒಂದನ್ನ ಬೆನ್ನಿಗಿ ಕಟಗೊಂಡು ರಸ್ತೆ ಕೆಲಸದಾಗ ಖಡಿ ಕಲ್ಲ ಒಡದಾಳ. ಯಾರ ಹೇಳಿದ್ರು ನಿನಗ?"

ಯಾರೂ ಹೇಳಿರಲಿಲ್ಲ, ಅವಳು ಕೇಳಿರಲಿಲ್ಲ. ಊರೂರಿನ ಮುದುಕರಿಗೆ ಫೋನ್ ಹಚ್ಚಿ ಬರದ ವರ್ಷ ಕೇಳಿದವಳು ತನ್ನ ಒಲೆಯ ಮುಂದೆ ಕುಳಿತವಳನ್ನು ಕೇಳದೆ ಕಾರ್ಡಿನ ತಾರೀಖು ನಂಬಿದ್ದಳು. ಬರದ ವರ್ಷ ಇಪ್ಪತ್ತನಾಲ್ಕರ ಸುಮಾರು ಎಂದು ಹಿಡಿದರೆ ಆಯಿಗೆ ಎಪ್ಪತ್ತೇಳರ ಸುಮಾರು ಆಗಿತ್ತು. ಮನಸ್ಸಿನಲ್ಲೇ ಕೋಷ್ಟಕದ ಆ ಸಾಲಿಗೆ ಹೋದಳು: ಒಂಬತ್ತು ವರ್ಷ ಎಂದಿತು. ನಿಜ ವಯಸ್ಸು ಗೊತ್ತಿದ್ದರೂ ತಾನು ಮುಂದಿನ ತಿಂಗಳು ಎಂದೇ ಹೇಳುತ್ತಿದ್ದೆ ಎಂಬುದು ಆಗ ಅವಳಿಗೆ ತಿಳಿಯಿತು. ಎದೆ ಒಡೆದು ಅಳು ಬಂತು.

"ಆಯಿ ನನ್ನ ಮ್ಯಾಲ ಸಿಟ್ಟಾಗಿದ್ಳೇನ, ಮುತ್ಯಾ?"

ಸಮಾಧಾನಕ್ಕಾಗಿ ಸುಳ್ಳಾಡುವ ಮನುಷ್ಯನಲ್ಲ ಅಣ್ಣಾರಾಯ. ಹೇಳಿದ: "ಸಿಟ್ಟ ಇದ್ದಿದ್ದಿಲ್ಲ. ಆಸೆ ಇತ್ತು. ಸ್ವಾಮಿನ್ನ ಆಕಿ ನೂರ ಸಲ ನೋಡ್ಯಾಳ. ಕಲತ ಮೊಮ್ಮಗಳ ಬಾಜೂಕ ಕುಂತು ಬರಬೇಕಂತಿದ್ಳು. ನಾನೂ ಆಕಿಗಿ ಐವತ್ತ ವರ್ಷ ನಾಳಿ ನಾಳಿ ಅಂದಾಂವನ. ನೀ ಒಬ್ಬಾಕೀನ ಈ ಭಾರ ಹೊರಬ್ಯಾಡ. ಏಳು, ಇಬ್ಬರೂ ಕೂಡಿ ಬೇಡಕೊಳ್ಳೂಣು."

ಗರ್ಭಗುಡಿಯ ಮುಂದೆ ಮುದುಕ ಅವಳ ಕೈ ಹಿಡಿದುಕೊಂಡೇ ಕಣ್ಣು ಮುಚ್ಚಿದ. ಅವನು ಒಂದೊಂದೇ ಮಾತು ಹೇಳಿದ, ಅವಳು ಹಿಂದಿನಿಂದ ಹೇಳಿದಳು:

"ಸ್ವಾಮೀ, ಮತ್ತ ನಮ್ಮ ಮನಿದೇವರ ಬೀರಪ್ಪಾ, ನಮ್ಮ ಸುಗಲಾಬಾಯಿ ನಿಮ್ಮ ಕಡೆ ಬಂದಾಳ. ಬಾಳ ದಣದಾಳ, ನೆರಳಿಗಿ ಕುಂಡ್ರಸರಿ. ನಮ್ಮಿಂದ ಉಳದ ಆಸೆ ಏನರೆ ಇದ್ರ ನೀವ ತೀರಸರಿ. ಆಕಿನ ಜೀವ ತಂಪಾಗಿರಲಿ, ಶಾಂತಿಯಿಂದ ಇರಲಿ."