ಇರಲಿ ಬಿಡಿ

ಗಂಡನ ಉಳಿಗಳನ್ನು ಬೇರೆಯವರ ಗೋಡೆಯ ಮೇಲೆ ಕಂಡಾಗ ಅವಳಿಗೆ ಏನೂ ಅನ್ನಿಸಲಿಲ್ಲ. ಆರು ಉಳಿಗಳು, ಅಗಲದ ಪ್ರಕಾರ ಸಾಲಾಗಿ ಮೊಳೆಗಳಿಗೆ ತೂಗುಬಿದ್ದಿದ್ದವು. ಕಪ್ಪು ಮರದ ಹಿಡಿ, ಹಿಡಿಯ ತಲೆಗೆ ತಾಮ್ರದ ಬಳೆ. ಸುತ್ತಿಗೆಯ ಏಟಿಗೆ ಹಿಡಿ ಸೀಳದಿರಲಿ ಎಂದು ಹಳೆಯ ಕೊಳವೆಯೊಂದನ್ನು ಕತ್ತರಿಸಿ ಆ ಬಳೆಗಳನ್ನು ಅವನೇ ಕೂರಿಸಿದ್ದ. ಕೆಳಗಿನ ಹಲಗೆಯ ಮೇಲೆ ನಾಲ್ಕು ಕ್ಲ್ಯಾಂಪು, ಪಕ್ಕದಲ್ಲಿ ನೀಲಿ ಡ್ರಿಲ್ ಮಷಿನ್. ಎರಡು ತಿಂಗಳಿಂದ ಮರಗೆಲಸದ ಶೆಡ್ಡಿನಲ್ಲಿ ಎಲ್ಲರೂ ಸಂದಿಗೊಂದಿ ಬಿಡದೆ ಹುಡುಕುತ್ತಿದ್ದ ಸಾಮಾನುಗಳು ಇಲ್ಲಿ ನೀಟಾಗಿ ಕೂತಿದ್ದವು.

"ನೀರು ಕೊಡ್ಲಾ ಚಿಕ್ಕಮ್ಮ?" ಎಂದಳು ಮನೆಯವಳು. ಅವಳು ಶೆಡ್ಡಿನಲ್ಲಿ ಕುರ್ಚಿ ಮಾಡುವ ಕುರ್ಚಿಯಣ್ಣನ ಮಗಳು. ಗಂಡ ಕೆಲಸವಿಲ್ಲದೆ ಕೂತಿದ್ದಾನೆ, ಕೂತವನು ಕೈ ಸುಮ್ಮನಿಟ್ಟುಕೊಳ್ಳುವುದಿಲ್ಲ ಎಂದು ಅರ್ಧ ವರ್ಷ ತವರಿನಲ್ಲಿದ್ದು, ಹೋದ ತಿಂಗಳಷ್ಟೇ ಮರಳಿ ಬಂದವಳು.

"ಎಲ್ಲಾ ಅಪ್ಪ ಕೊಟ್ಟಿದ್ದು. ಇವರಿಗೂ ಅಂತ ಒಂದು ಕೆಲಸ ಆಯ್ತು ನೋಡಿ. ಈಗ ಮನುಷ್ಯರ ಹಾಗೆ ಇದಾರೆ," ಎಂದು ಹುಡುಗಿ ನಕ್ಕಳು. ನಗುವಾಗ ಅವಳು ಗಂಡನಿರುವ ಕಡೆಗೊಮ್ಮೆ ನೋಡಿಕೊಂಡಳು.

ಬಂದವಳು ನೀರು ಕುಡಿದಳು. ಪಾಲಿಶ್ ಮಾಡಲು ಕರೆದಿದ್ದ ಬೀರುವಿನ ಮೇಲೆ ಅಂಗೈ ಆಡಿಸಿ, ಇನ್ನೊಂದು ಸಲ ಉಜ್ಜಬೇಕು, ಆಮೇಲೆ ಎರಡು ಕೈ ಪಾಲಿಶ್ ಸಾಕು ಎಂದು ಹೇಳಿ ಬಂದುಬಿಟ್ಟಳು.

ಶೆಡ್ಡಿನಲ್ಲಿ ಅವರು ಐದು ಜನ. ಯಂತ್ರಗಳು, ಕೈಸಾಮಾನುಗಳು ಎಲ್ಲಾ ಐವರಿಗೂ ಸೇರಿದ್ದು. ಕೆಲಸ, ಸ್ವಂತಕ್ಕೆ ತಂದ ಸಾಮಾನು ಮಾತ್ರ ಅವರವರದು. ಕುರ್ಚಿಯಣ್ಣ ಎಲ್ಲರಿಗಿಂತ ಹಿರಿಯ. ಅವನ ಕುರ್ಚಿಯಲ್ಲಿ ಕೂತರೆ ಏಳುವ ಮನಸ್ಸಾಗುವುದಿಲ್ಲ, ಅದಕ್ಕೇ ಸರ್ಕಾರಿ ಕಚೇರಿಯವರು ಅವನ್ನೇ ಕೊಳ್ಳುತ್ತಾರೆ ಎಂದು ಉಳಿದವರು ಗೇಲಿ ಮಾಡುತ್ತಿದ್ದರು. ಲೇತಿನಲ್ಲಿ ಮಂಚದ ಕಾಲು ಕಡೆಯುವವನಿಗೆ ಬುಗುರಿ ಎಂದು ಹೆಸರು. ಸಿಟ್ಟು ಬಂದರೆ ನಿಂತಲ್ಲೇ ಸುತ್ತುತ್ತಿದ್ದ. ಬಾಗಿಲು ಕಿಟಕಿ ಮಾಡುವ ಅಣ್ಣತಮ್ಮಂದಿರಲ್ಲಿ ಅಣ್ಣ ಮಾತಾಡುತ್ತಿದ್ದ, ತಮ್ಮ ಅಣ್ಣನ ಮಾತಿನ ಬಾಲವನ್ನಷ್ಟೇ ಇನ್ನೊಮ್ಮೆ ಹೇಳುತ್ತಿದ್ದ. ಐದನೆಯವನು ಅವಳ ಗಂಡ. ಹೋದ ವರ್ಷ ಮೂರೇ ದಿನದ ಜ್ವರಕ್ಕೆ ಅವನು ಹೋದ ಮೇಲೆ ಆ ಜಾಗ ಅವಳದಾಯಿತು. ಗಂಡ ಇದ್ದಾಗಲೂ ಪಾಲಿಶ್ ಕೆಲಸ ಅವಳದೇ ಆದ್ದರಿಂದ ಕೈ ಪಳಗಿತ್ತು. ಎಲ್ಲರಿಗೂ ಅವಳು ಪಾಲಿಶಕ್ಕ.

ಮನೆಯಲ್ಲಿ ಅತ್ತೆ ಇನ್ನೂ ಮಗನ ಅಂಗಿ ಮಡಚುತ್ತಾ ಅಳುತ್ತಿದ್ದರು. "ನಿನ್ನ ಕಣ್ಣಲ್ಲಿ ಒಂದು ಹನಿ ನೀರು ಕಾಣಲಿಲ್ಲವಲ್ಲೇ," ಎಂದು ಒಮ್ಮೆ ಕೇಳಿದ್ದರು. ಬೈಗುಳದ ದನಿ ಇರಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕೆಂದು ಕೇಳಿದ ಹಾಗಿತ್ತು. "ಬರ್ತಿಲ್ಲ ಅತ್ತೆ," ಎಂದಿದ್ದಳು. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚುತ್ತಾರಲ್ಲ, ಆಗ ತನ್ನ ತುಟಿಯೇ ತನ್ನದಲ್ಲ ಎನ್ನಿಸುತ್ತದಲ್ಲ, ಅವಳಿಗೆ ವರ್ಷವಿಡೀ ಮೈಯೆಲ್ಲ ಹಾಗೇ ಇತ್ತು.

ಉಳಿ ಕಂಡದ್ದನ್ನು ಅವಳು ನಾಲ್ಕು ದಿನ ಯಾರಿಗೂ ಹೇಳಲಿಲ್ಲ. ಮುಚ್ಚಿಡಬೇಕು ಎಂದೇನಲ್ಲ, ಹೇಳಬೇಕು ಅಂತಲೇ ಅನ್ನಿಸಲಿಲ್ಲ. ಐದನೆಯ ದಿನ ಮಧ್ಯಾಹ್ನ ಗೇಟಿನ ಹತ್ತಿರ ಗಲಾಟೆ ಕೇಳಿಸಿತು. ವಾರಕ್ಕೊಮ್ಮೆ ಮರದ ಪುಡಿ ತುಂಬಿಕೊಂಡು ಹೋಗುವ ಗಾಡಿಯವನನ್ನು ಬುಗುರಿ ತಡೆದು ನಿಲ್ಲಿಸಿದ್ದ. ಮೂಟೆಗಳನ್ನೆಲ್ಲ ನೆಲಕ್ಕೆ ಸುರಿಸಿದ್ದ. ಗಾಡಿಯವನು ಮಂಡಿಯವರೆಗೆ ಪುಡಿಯಲ್ಲಿ ನಿಂತು, "ಹದಿನೈದು ವರ್ಷದಿಂದ ಬರ್ತಿದೀನಿ ಸ್ವಾಮಿ, ಒಂದು ಮೊಳೆ ಮುಟ್ಟಿಲ್ಲ," ಎನ್ನುತ್ತಿದ್ದ.

"ಮತ್ತೆ ಉಳಿಗೆ ಕಾಲು ಬಂತಾ? ನಾಳೆಯಿಂದ ಈ ಕಡೆ ತಲೆ ಹಾಕಬೇಡ," ಎಂದ ಬುಗುರಿ.

ಕುರ್ಚಿಯಣ್ಣ ಒಳಗೆ ತನ್ನ ಮೇಜಿನ ಹತ್ತಿರ ಹಲಗೆ ನಯ ಮಾಡಲು ತೋಪಡ ಹೊಡೆಯುತ್ತಿದ್ದ. ಹೊಡೆತ ನಿಂತಿರಲಿಲ್ಲ, ಆದರೆ ಸಿಪ್ಪೆ ಬೀಳುತ್ತಿರಲಿಲ್ಲ. ಬರೀ ಗಾಳಿಗೆ ಆಡುತ್ತಿತ್ತು ಕೈ.

"ಅವನಲ್ಲ. ಕುರ್ಚಿಯಣ್ಣ," ಎಂದಳು ಅವಳು. "ಅಳಿಯನ ಮನೇಲಿವೆ. ನಾನೇ ನೋಡಿದೆ."

ಲೇತು ಇನ್ನೂ ತಿರುಗುತ್ತಿತ್ತು. ಬಾಗಿಲಿನ ತಮ್ಮ ಹೋಗಿ ಅದನ್ನು ಆರಿಸಿದ. ಕುರ್ಚಿಯಣ್ಣ ತೋಪಡವನ್ನು ಮಗ್ಗುಲಾಗಿ ಮಲಗಿಸಿಟ್ಟು, "ಹೌದು," ಎಂದ. ಅಷ್ಟೇ.

ಗಾಡಿಯವನ ಪುಡಿಯನ್ನು ಎಲ್ಲರೂ ಸೇರಿ ಮೂಟೆಗೆ ತುಂಬಿದರು, ಕುರ್ಚಿಯಣ್ಣನೂ. ಆಮೇಲೆ ಒಳಗೆ ಬಂದು ಕೂತರು. ಬುಗುರಿ ಕೂರಲಿಲ್ಲ. ಗೋಡೆಯ ಮೇಲಿನ ಫಲಕಕ್ಕೆ ಬೆರಳು ತೋರಿಸಿದ. ಶೆಡ್ಡು ಶುರುವಾದಾಗ ಬರೆಸಿದ ನಿಯಮಗಳು. ಸಾಮಾನು ಹೊರಗೆ ಸಾಗಿಸಿದವರು ಸದಸ್ಯರಲ್ಲ ಎಂದು ಅದರಲ್ಲಿತ್ತು.

"ಇದನ್ನ ಹೇಳಿ ಬರೆಸಿದ್ದು ಯಾರು? ಇದೇ ಅಣ್ಣ. ಓದ್ಲಾ?" ಎಂದು ಒಂದು ಸುತ್ತು ಸುತ್ತಿದ.

"ಮಗಳ ಬಾಳು ನೋಡಿ ಮಾಡಿದಾನೆ. ಕೇಳಿದ್ರೆ ನಾವೇ ಕೊಡ್ತಿರಲಿಲ್ವಾ? ಆದ್ರೂ ಕೇಳಬೇಕಿತ್ತು," ಎಂದ ಬಾಗಿಲಿನ ಅಣ್ಣ.

"ಕೇಳಬೇಕಿತ್ತು," ಎಂದ ತಮ್ಮ.

"ಕೊಡ್ತಿದ್ರಾ?" ಎಂದ ಬುಗುರಿ.

ಕೊನೆಗೆ ಎಲ್ಲರೂ ಅವಳ ಕಡೆ ತಿರುಗಿದರು. ಉಳಿ ಅವಳ ಗಂಡನದು. ಅವನ ಕೈಯ ಗುರುತು ಅಂತ ಉಳಿದಿದ್ದೇ ಅಷ್ಟು. ಅವಳು ಏನು ಹೇಳಿದರೆ ಅದು ಎಂದ ಬುಗುರಿ. ಅವಳಿಗೆ ಕೈಗೆ ಅಂಟಿದ ಅರಗಿನ ಪಾಲಿಶ್ ಒಣಗುತ್ತಿರುವುದು ಗೊತ್ತಾಗುತ್ತಿತ್ತು. ಒಣಗಿದರೆ ಕೀಳುವುದು ಕಷ್ಟ.

"ಇರಲಿ ಬಿಡಿ," ಎಂದಳು.

"ಇರಲಿ ಬಿಡಿ ಅಂದ್ರೆ?"

"ಸಾಮಾನು ತಂದಿಡಲಿ. ಅಣ್ಣ ಇರಲಿ."

ಬಾಗಿಲಿನ ಅಣ್ಣ ಕಣ್ಣೊರೆಸಿಕೊಂಡ. ಎಂಥ ದೊಡ್ಡ ಮನಸ್ಸು ಎಂದು ಸಂಜೆಯೊಳಗೆ ಬೀದಿಯವರೆಗೂ ಸುದ್ದಿಯಾಯಿತು. ಮನೆಯಲ್ಲಿ ಅತ್ತೆ ಕೇಳಿ, ಸೊಸೆಯ ಮುಖವನ್ನು ಬಹಳ ಹೊತ್ತು ನೋಡಿ ಒಳಗೆ ಹೋದರು.

ಮರುದಿನವೇ ಸಾಮಾನು ಬಂತು. ಒಂದು ಉಳಿಯ ಬಾಯಿ ಮುಕ್ಕಾಗಿತ್ತು. ಅಳಿಯ ಅದರಲ್ಲಿ ಬಣ್ಣದ ಡಬ್ಬಿ ಮೀಟಿದ್ದನಂತೆ. ಅವಳು ನೋಡಿ ಗೋಡೆಗೆ ಸಿಕ್ಕಿಸಿದಳು.

ಅಲ್ಲಿಂದ ಮುಂದೆ ಯಾರೂ ಕುರ್ಚಿಯಣ್ಣನ ಜೊತೆ ಜಗಳವಾಡಲಿಲ್ಲ. ಮುಂಚೆ ದಿನಕ್ಕೆ ಹತ್ತು ಸಲ ಆಡುತ್ತಿದ್ದರು. ಗರಗಸ ಎಲ್ಲಿಟ್ಟೆ ಅಂತ, ಫ್ಯಾನು ನಿನ್ನ ಕಡೆಗೇ ಯಾಕೆ ತಿರುಗಿಸಿಕೊಂಡೆ ಅಂತ. ಈಗ ಫ್ಯಾನನ್ನು ಬುಗುರಿಯೇ ಅವನ ಕಡೆ ತಿರುಗಿಸಿ ಬರುತ್ತಿದ್ದ. ಅಣ್ಣತಮ್ಮಂದಿರು ತಮ್ಮ ಪೆಟ್ಟಿಗೆಗೆ ಹೊಸ ಬೀಗ ತಂದರು. ಅವನು ಹತ್ತಿರ ಬಂದಾಗ ಬೀಗ ಕಾಣದ ಹಾಗೆ ಮೇಲೆ ಬಟ್ಟೆ ಹಾಕುತ್ತಿದ್ದರು. ಎಲ್ಲರೂ ಅವನಿಗೆ 'ನೀವು' ಅನ್ನತೊಡಗಿದ್ದರು. ಸಂಜೆ ಹೊರಡುವಾಗ ಅವನೇ ತನ್ನ ಚೀಲವನ್ನು ಬಾಗಿಲ ಬಳಿ ಬಾಯಿ ತೆರೆದು ಹಿಡಿದು ಒಂದು ಕ್ಷಣ ನಿಲ್ಲುತ್ತಿದ್ದ. ಯಾರೂ ಇಣುಕುತ್ತಿರಲಿಲ್ಲ. ಇಣುಕದೆ ಮುಖ ತಿರುಗಿಸುತ್ತಿದ್ದರು. ಆಗ ಅವನು ಹೋಗುತ್ತಿದ್ದ. ಹೀಗೆ ಆರು ವಾರ ನಡೆಯಿತು. ಆರು ವಾರದಲ್ಲಿ ಅವನ ಮೇಜಿನ ಮೇಲೆ ಒಂದು ಕುರ್ಚಿಯೂ ಮುಗಿದಿರಲಿಲ್ಲ.

ಒಂದು ಬೆಳಗ್ಗೆ ಇನ್ನಾರೂ ಬರುವ ಮುಂಚೆ ಅವನು ಅವಳ ಮುಂದೆ ಬಂದು ನಿಂತ. ಅವಳು ಉಪ್ಪುಕಾಗದ ಹಿಡಿದು ಮೇಜಿನ ಅಂಚು ಉಜ್ಜುತ್ತಿದ್ದಳು.

"ಒಂದ್ಸಲ ಬೈದುಬಿಡು ತಂಗಿ."

"ಯಾಕಣ್ಣ? ಆಗಿದ್ದಾಯ್ತಲ್ಲ."

"ಏನಾಯ್ತು? ಏನೂ ಆಗಿಲ್ಲ." ಅವನು ಮೇಜಿನ ಇನ್ನೊಂದು ಅಂಚು ಹಿಡಿದುಕೊಂಡ. "ಅವನಿದ್ದಿದ್ರೆ ನನ್ನ ಕೊರಳಪಟ್ಟಿ ಹಿಡಿದು ಗೇಟಿನ ಆಚೆ ದಬ್ತಿದ್ದ. ದಬ್ಬಿ, ಮಾರನೇ ದಿನ ನಮ್ಮನೆ ಜಗಲಿ ಮೇಲೆ ಬಂದು ಕೂರ್ತಿದ್ದ. ಏನಣ್ಣ ಹೀಗ್ ಮಾಡ್ದೆ ಅಂತಿದ್ದ. ನೀನು ಇರಲಿ ಬಿಡಿ ಅಂದೆ. ನಾನು ಇದ್ರೂ ಒಂದೇ, ಹೋದ್ರೂ ಒಂದೇ ನಿಂಗೆ. ಅಲ್ವಾ?"

ಅವಳ ಕೈ ನಿಂತಿತು. ಗಂಡ ಹಾಗೇ ಮಾಡುತ್ತಿದ್ದ ಎಂಬುದು ನಿಜ. ದಬ್ಬುವಾಗ ಅವನ ಕತ್ತಿನ ನರ ಹೇಗೆ ಉಬ್ಬುತ್ತಿತ್ತು, ಮಾರನೆಯ ದಿನ ಜಗಲಿಯ ಮೇಲೆ ಹೇಗೆ ಒಂದು ಕಾಲು ಮಡಚಿ ಕೂರುತ್ತಿದ್ದ ಎಂಬುದೆಲ್ಲ ಕಣ್ಣಿಗೆ ಕಟ್ಟಿತು. ಒಂದು ವರ್ಷದಲ್ಲಿ ಅವನು ಅಷ್ಟು ಸ್ಪಷ್ಟವಾಗಿ ಕಂಡಿರಲಿಲ್ಲ.

"ಅಲ್ವಾ ತಂಗಿ?" ಎಂದು ಅವನು ಮತ್ತೆ ಕೇಳಿದ.

"ಹೌದು," ಎಂದಳು.

ಅವನು ತಲೆಯಾಡಿಸಿ ತನ್ನ ಜಾಗಕ್ಕೆ ಹೋದ.

ಮಧ್ಯಾಹ್ನ ಬುತ್ತಿ ಬಿಚ್ಚುವ ಮುಂಚೆ ಅವಳು ಎದ್ದು ನಿಂತಳು. "ಅವತ್ತು ನಾನು ಹೇಳಿದ್ದು ಸರಿಯಿಲ್ಲ. ಫಲಕದಲ್ಲಿ ಇದ್ದ ಹಾಗೇ ಆಗಲಿ," ಎಂದಳು.

ಬುಗುರಿಗೆ ಅರ್ಥವಾಗಲು ಹೊತ್ತು ಹಿಡಿಯಿತು. "ಈಗ್ಯಾಕಕ್ಕ? ಮುಗಿದೋದ ಕತೆ. ಕ್ಷಮಿಸಿಯಾಯ್ತಲ್ಲ?"

"ನಾನು ಕ್ಷಮಿಸಿರಲಿಲ್ಲ. ಸುಮ್ಮನಿದ್ದೆ."

"ಈ ವಯಸ್ಸಿನಲ್ಲಿ ಎಲ್ಲಿಗೆ ಹೋಗ್ತಾನೆ?" ಎಂದ ಬಾಗಿಲಿನ ಅಣ್ಣ. ತಮ್ಮ ಈ ಸಲ ಏನನ್ನೂ ಹೇಳಲಿಲ್ಲ.

"ನನ್ನ ಗಂಡನ ಉಳಿ ಅದು!" ಎಂದಳು. ದನಿ ಅವಳು ಅಂದುಕೊಂಡಿದ್ದಕ್ಕಿಂತ ಜೋರಾಗಿ ಬಂತು. ತಗಡಿನ ಮಾಡಿಗೆ ಬಡಿದು ಮರಳಿತು. "ಕೇಳಿದ್ರೆ ನಾನು ಕೊಡ್ತಿರಲಿಲ್ಲ ಅಣ್ಣ. ಮಗಳಿಗೋಸ್ಕರ ಅಂದ್ರೂ ಕೊಡ್ತಿರಲಿಲ್ಲ. ನಿಮಗದು ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ಗೊತ್ತಿದ್ದೂ ತಗೊಂಡ್ರಿ!" ಅವಳ ಕೈ ಗೋಡೆಯ ಉಳಿಗಳತ್ತ ಚಾಚಿಕೊಂಡಿತ್ತು. ಬೇರೆ ಯಾರದೋ ಕೈಯನ್ನು ನೋಡುವ ಹಾಗೆ ಅವಳು ಅದನ್ನು ನೋಡಿಕೊಂಡಳು.

"ಗೊತ್ತಿತ್ತು," ಎಂದ ಕುರ್ಚಿಯಣ್ಣ. ಆರು ವಾರದಲ್ಲಿ ಮೊದಲ ಸಲ ಅವನು ನೆಟ್ಟಗೆ ಕೂತಿದ್ದ.

ಕೈ ಎತ್ತಿಸಿ ಕೇಳುವ ಅಗತ್ಯ ಬೀಳಲಿಲ್ಲ. ಅವನೇ ಎದ್ದು ತನ್ನ ಸ್ವಂತ ಸಾಮಾನುಗಳನ್ನು ಪೆಟ್ಟಿಗೆಗೆ ಹಾಕತೊಡಗಿದ. ಪ್ರತಿಯೊಂದನ್ನೂ ಎತ್ತಿ ತೋರಿಸಿ ಹಾಕುತ್ತಿದ್ದ. ಬುಗುರಿ ಪಕ್ಕದಲ್ಲಿ ನಿಂತು ನಿಜವಾಗಿಯೇ ನೋಡುತ್ತಿದ್ದ. ಮೂಲೆಮಟ್ಟವೊಂದನ್ನು ಎತ್ತಿದಾಗ, "ಅದು ಶೆಡ್ಡಿಂದು," ಎಂದ. "ನಿನ್ನ ತಲೆ. ನಾನು ತಂದಿದ್ದು ಇದು, ಹಿಂದೆ ನನ್ನ ಗುರುತಿದೆ ನೋಡು," ಎಂದ ಕುರ್ಚಿಯಣ್ಣ. ಇಬ್ಬರೂ ಅದನ್ನು ಬೆಳಕಿಗೆ ಹಿಡಿದು ಸ್ವಲ್ಪ ಹೊತ್ತು ಕಿತ್ತಾಡಿದರು. ಗುರುತು ಇತ್ತು. "ತಗೊಂಡು ಹೋಗು ಮಾರಾಯ," ಎಂದು ಬುಗುರಿ ಒಂದು ಸುತ್ತು ಸುತ್ತಿ ಲೇತಿನ ಕಡೆ ಹೋದ. ಅವನ ಮೂಗು ಕೆಂಪಾಗಿತ್ತು.

ಅವಳು ಕುರ್ಚಿಯಣ್ಣನ ಜೊತೆ ಗೇಟಿನವರೆಗೆ ಬಂದಳು. ಮಧ್ಯಾಹ್ನದ ಬಿಸಿಲಿಗೆ ರಸ್ತೆ ಖಾಲಿಯಾಗಿತ್ತು. ಇಬ್ಬರೂ ಸೇರಿ ಪೆಟ್ಟಿಗೆಯನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಎತ್ತಿಟ್ಟರು. ಅವನು ಹಗ್ಗ ಬಿಗಿದ. ಹಿಂದಿನ ಭಾರಕ್ಕೆ ಮುಂದಿನ ಚಕ್ರ ನೆಲ ಬಿಟ್ಟು ಮೇಲೆದ್ದು, ಸೈಕಲ್ಲು ಹಿಂದಕ್ಕೆ ವಾಲಿತು. ಅವಳು ಹೋಗಿ ಎರಡೂ ಕೈಯಿಂದ ಹ್ಯಾಂಡಲ್ ಅದುಮಿ ಹಿಡಿದಳು. ಅವನು ಇನ್ನೊಂದು ಗಂಟು ಹಾಕಿದ, ಅದರ ಮೇಲೆ ಮತ್ತೊಂದು. ಗಂಟು ಮುಗಿದ ಮೇಲೂ ಅವನು ಪೆಟ್ಟಿಗೆಯ ಹತ್ತಿರವೇ ನಿಂತಿದ್ದ. ಅವಳು ಕೈ ತೆಗೆಯಲಿಲ್ಲ. ಚಕ್ರ ನೆಲಕ್ಕೆ ಊರಿಕೊಂಡಿತ್ತು. ಕಾದ ಕಬ್ಬಿಣದ ಬಿಸಿ ಅವಳ ಅಂಗೈಗೆ ನಿಧಾನವಾಗಿ ತಾಗುತ್ತಿತ್ತು.