ತೀರ್ಥದ ನೆಂಟರು

ಸಾಂತಾ ಪ್ಲಾಸಿಡಾ ಊರಿನ ಮುನಿಸಿಪಾಲಿಟಿಯಲ್ಲಿ ಹುಟ್ಟು, ಸಾವು, ಮದುವೆ ಬರೆದಿಡುವ ಕುರ್ಚಿಯಲ್ಲಿ ರುಫಿನಾ ಇಪ್ಪತ್ತನಾಲ್ಕು ವರ್ಷ ಕೂತಿದ್ದಳು. ಕುರ್ಚಿಯ ಬೆತ್ತ ಅವಳ ಅಳತೆಗೇ ತಗ್ಗಿಹೋಗಿತ್ತು. ಬೇರೆ ಯಾರಾದರೂ ಕೂತರೆ ಎಬ್ಬಿಸಲು ಇಬ್ಬರು ಬೇಕಾಗುತ್ತಿದ್ದರು. ಗಂಡ ತೀರಿಕೊಂಡು ಆರು ವರ್ಷ. ಮಗಳು ಲಿಗಾಯಾಳಿಗೆ ಒಂಬತ್ತು. ಕುರ್ಚಿ ಹೋದರೆ ಮನೆಯ ಒಲೆಯೂ ಆರುತ್ತದೆ ಎಂದು ರುಫಿನಾಳಿಗೆ ಚೆನ್ನಾಗಿ ಗೊತ್ತಿತ್ತು. ಅಂಥ ಕುರ್ಚಿಯನ್ನು ಕಿತ್ತುಕೊಳ್ಳಲು ಬಂದವನು ಕಳ್ಳನಲ್ಲ, ಖದೀಮನಲ್ಲ. ಊರಿಗೆಲ್ಲ ಒಳ್ಳೆಯವನಾದ ಮೇಯರ್ ಆನ್ಸೆಲ್ಮೊ ಕಾತಿಂದಿಗ್.

ಅಮೆರಿಕನ್ನರು ಬಾವುಟ ಇಳಿಸಿಕೊಂಡು ಹೋದಂದಿನಿಂದ ಊರಿನ ಮೇಯರ್‌ಗಿರಿ ದೊನ್ ಫೋರ್ತುನಾತೊನ ಮನೆಯ ಹಿತ್ತಲಲ್ಲೇ ಕಟ್ಟಿಹಾಕಿಸಿಕೊಂಡಿತ್ತು. ಅವನ ಕಾಲದಲ್ಲಿ ಮುನಿಸಿಪಾಲಿಟಿಯ ಕದ ತೆಗೆಯುವವನು ಬಾಮೈದ, ಹಾಕುವವನು ಷಡ್ಡಕ. ನಾಯಿ ಹಿಡಿಯುವ ಕೆಲಸದ ಸೋದರಳಿಯ ತಿಬುರ್ಸಿಯೊ ನಾಯಿ ಕಂಡರೆ ಮರ ಹತ್ತುತ್ತಿದ್ದ. ಶಾಲಾ ಮೇಷ್ಟ್ರಾಗಿದ್ದ ಆನ್ಸೆಲ್ಮೊ ಇದನ್ನೆಲ್ಲ ಕಂಡು ಉರಿದು ಚುನಾವಣೆಗೆ ನಿಂತ. ಮೇಯರನ ನೆಂಟ ಒಬ್ಬನೂ ಮುನಿಸಿಪಾಲಿಟಿಯ ಅನ್ನ ತಿನ್ನಕೂಡದು ಎಂದು ಪ್ರತಿ ಬೀದಿಯಲ್ಲೂ ಸಾರಿದ. ಗೆದ್ದ. ಫೋರ್ತುನಾತೊನ ಕಡೆಯವರು ಆ ದಿನವೇ ಕಂಬಿ ಕಿತ್ತರು. ತಿಬುರ್ಸಿಯೊ ಮಾತ್ರ ಮರದ ಮೇಲಿದ್ದುದರಿಂದ ಸುದ್ದಿ ತಡವಾಗಿ ತಿಳಿದು ಉಳಿದುಕೊಂಡ.

ಆನ್ಸೆಲ್ಮೊನಿಗೆ ಮದುವೆಯಾಗಿರಲಿಲ್ಲ. ಅಪ್ಪ ಅಮ್ಮ ಇರಲಿಲ್ಲ, ಒಡಹುಟ್ಟಿದವರಿಲ್ಲ. ಹಾಗಾಗಿ ಅವನ ಕಾನೂನಿನಿಂದ ಯಾರಿಗೂ ಮುಳ್ಳು ಚುಚ್ಚುವಂತಿರಲಿಲ್ಲ. ಆದರೆ ಕಾನೂನು ಓದಿ ಹೇಳುವ ಸಭೆಗೆ ಮನಿಲಾದಿಂದ ಪತ್ರಿಕೆಯವನೊಬ್ಬ ಬಂದಿದ್ದ. ರಕ್ತಸಂಬಂಧ ಸರಿ, ಮದುವೆಸಂಬಂಧ ಸರಿ, ಜ್ಞಾನಸ್ನಾನದ ಬಂಧುಗಳಾದ ಕುಂಪಾರೆಗಳ ಕಥೆ ಏನು ಎಂದು ಕೇಳಿಬಿಟ್ಟ. ಸಭೆ ಚಪ್ಪಾಳೆ ತಟ್ಟಿತು. ಆನ್ಸೆಲ್ಮೊ ಜನ್ಮದಲ್ಲಿ ಯಾರಿಗೂ ಇಲ್ಲ ಎಂದವನಲ್ಲ. ಚಪ್ಪಾಳೆಗೂ ಇಲ್ಲ ಎನ್ನಲಾಗಲಿಲ್ಲ. ಅಲ್ಲೇ ಟೈಪ್‌ರೈಟರು ತರಿಸಿ ಮೂರನೆಯ ಕಲಮು ಕುಟ್ಟಿದ: ಜ್ಞಾನಸ್ನಾನದ ತೀರ್ಥದಿಂದ ನೆಂಟರಾದವರೂ ನೆಂಟರೇ. ಕೈ ಬಿಸಿಯಿದ್ದುದರಿಂದ ನಾಲ್ಕನೆಯದನ್ನೂ ಕುಟ್ಟಿದ: ನೆಂಟರನ್ನು ತೆಗೆಯುವ ಆದೇಶಕ್ಕೆ ನೆಂಟನಲ್ಲದ ನೌಕರನೇ ಸಹಿ ಹಾಕತಕ್ಕದ್ದು.

ಇಲ್ಲ ಎನ್ನಲಾರದ ಮನುಷ್ಯನಿಗೆ ಈ ದೇಶದಲ್ಲಿ ಎಷ್ಟು ಧರ್ಮಮಕ್ಕಳಿರುತ್ತಾರೆ ಎಂದು ಬೇರೆ ಹೇಳಬೇಕೆ? ಇಗರ್ಜಿಯಲ್ಲಿ ಕೂಸಿನ ತಲೆಗೆ ನೀರು ಬೀಳುವಾಗ ನಿನೊಂಗ್ ಆಗಿ ಪಕ್ಕದಲ್ಲಿ ನಿಂತರೆ ಮುಗಿಯಿತು, ಕೂಸಿನ ಹೆತ್ತವರಿಗೆ ಅವನು ಸಾಯುವ ತನಕ ಕುಂಪಾರೆ; ಬಾಯಿಮಾತಿನಲ್ಲಿ ಅವನು ಪಾರೆ, ಕೂಸಿನ ತಾಯಿ ಮಾರೆ. ಆನ್ಸೆಲ್ಮೊ ಇಪ್ಪತ್ತು ವರ್ಷ ಕರೆದಲ್ಲೆಲ್ಲ ಹೋಗಿ ನಿಂತಿದ್ದ. ಪಟ್ಟಿ ಮಾಡುವ ಕೆಲಸ ರುಫಿನಾಳ ಪಾಲಿಗೆ ಬಂತು. ಮೂರು ದಿನ ದಫ್ತರು ತಿರುವಿ ಪಟ್ಟಿ ಹಿಡಿದು ಅವನ ಕೋಣೆಗೆ ಹೋದಳು.

"ಮುನ್ನೂರ ಹನ್ನೆರಡು ಮಕ್ಕಳು, ಪಾರೆ. ಆಫೀಸಲ್ಲಿರೋ ನಲವತ್ತೊಂದು ಜನರಲ್ಲಿ ನಲವತ್ತು ಜನ ನಿಮ್ಮ ನೆಂಟರು."

"ಉಳಿದವನೊಬ್ಬ ಯಾರು, ಮಾರೆ?"

"ತಿಬುರ್ಸಿಯೊ."

ಆನ್ಸೆಲ್ಮೊ ಕನ್ನಡಕ ತೆಗೆದು ಒರೆಸಿದ. "ನಲವತ್ತರಲ್ಲಿ ನೀವೂ ಒಬ್ಬರು."

"ಲಿಗಾಯಾಗೆ ನಿನೊಂಗ್ ನೀವೇ ಅಲ್ವಾ? ದಾಕ್ಷಿಣ್ಯಕ್ಕೆ ಬಸುರಾದ್ರೆ ಹೆರೋಕೆ ಜಾಗ ಇಲ್ಲ ಅಂತ ಆಗ್ಲೇ ಹೇಳಿದ್ದೆ ನಿಮಗೆ."

"ಕಾನೂನು ಕಾನೂನೇ, ಮಾರೆ. ವರ್ಷದ ಕೊನೇವರೆಗೂ ಟೈಮಿದೆ. ನೆಂಟರಲ್ಲ ಅಂತ ಪುರಾವೆ ತಂದವರಿಗೆ ಮುದ್ರೆ ಒತ್ತಿಕೊಡ್ತೀನಿ."

ಮಾರನೆಯ ಬೆಳಗ್ಗೆಯಿಂದ ಸಾಲು ಶುರುವಾಯಿತು. ನೀರು ಸರಬರಾಜಿನವನು ತನ್ನ ಮಗ ತೀರ್ಥದ ಹೊತ್ತಿಗೆ ನಿದ್ದೆ ಮಾಡುತ್ತಿದ್ದ, ಆದ್ದರಿಂದ ಅವನಿಗದು ತಾಗಿಲ್ಲ ಎಂದ. ಮಾರುಕಟ್ಟೆಯ ಮೇಸ್ತ್ರಿ, ಆ ದಿನ ಮಳೆ ಬರುತ್ತಿತ್ತು, ಸೂರು ಸೋರುತ್ತಿತ್ತು, ಯಾವುದು ತೀರ್ಥ ಯಾವುದು ಮಳೆ ಎಂದು ಹೇಳುವವರು ಯಾರು ಎಂದ. ಪೊಲೀಸ್ ಮುಖ್ಯಸ್ಥ ಫೋಟೊ ತಂದ. ಫೋಟೊ ತೆಗೆದವನ ಅಡ್ಡಾದಿಡ್ಡಿ ಕೈಯಲ್ಲಿ ನಿನೊಂಗ್‌ನ ಕತ್ತಿನ ಮೇಲಿನದೆಲ್ಲ ಹೊರಗುಳಿದಿತ್ತು.

"ಈ ಹೊಟ್ಟೆ ಯಾರದ್ದು ಬೇಕಾದ್ರೂ ಆಗಿರಬಹುದು, ಮೇಯರೇ," ಎಂದ ಮುಖ್ಯಸ್ಥ.

"ಹೌದು, ಮುಖ ಇಲ್ಲ," ಎಂದು ಒಪ್ಪಿ ಆನ್ಸೆಲ್ಮೊ ಮುದ್ರೆ ಒತ್ತಿದ: ನೆಂಟಸ್ತಿಕೆ ಇಲ್ಲ.

ಮೊದಲ ವಾರ ಅವನು ಹುರುಪಿನಿಂದಲೇ ಒತ್ತಿದ. ಎರಡನೆಯ ವಾರ ಮಾತು ಕಡಿಮೆಯಾಯಿತು. ಆ ಮಕ್ಕಳ ಹೆಸರಷ್ಟೂ ಅವನಿಗೆ ಬಾಯಿಪಾಠ. ಯಾರಿಗೆ ದಡಾರ ಬಂದಿತ್ತು, ಯಾರು ಮಗ್ಗಿಯಲ್ಲಿ ಹಿಂದೆ ಎಂದು ಅವನಿಗೆ ಗೊತ್ತಿತ್ತು. ರುಫಿನಾಳಿಗೆ ಅವನ ಮುಖ ನೋಡಿ ಕೋಪವೂ ಬರುತ್ತಿತ್ತು, ಅಯ್ಯೋ ಅನಿಸುತ್ತಲೂ ಇತ್ತು. ಮಾಡಿದ್ದುಣ್ಣೋ ಮಹಾರಾಯ ಎಂದು ಮನಸ್ಸಿನಲ್ಲೇ ಗೊಣಗಿದಳು. ಕೊನೆಗೆ ಪುರಾವೆ ಹುಟ್ಟಿಸಲಾಗದೆ ಕೆಲಸ ಹೋಗುವವರು ಹನ್ನೊಂದು ಮಂದಿ ಉಳಿದರು, ಅವರಲ್ಲಿ ರುಫಿನಾಳೂ ಇದ್ದಳು.

ಇದು ಎಲ್ಲರೂ ತಿಳಿದದ್ದು. ನಿಜಕ್ಕೂ ಊರಿನಲ್ಲಿ ಅಪ್ಪಟ ಪುರಾವೆ ಇದ್ದದ್ದು ಅವಳೊಬ್ಬಳ ಹತ್ತಿರ. ಲಿಗಾಯಾಳ ಜ್ಞಾನಸ್ನಾನದ ದಿನ ಆನ್ಸೆಲ್ಮೊ ಹೊತ್ತಿಗೆ ಸರಿಯಾಗಿ ಬಂದೇ ಇರಲಿಲ್ಲ. ಪಾದ್ರಿಗೆ ಇನ್ನೊಂದೂರಲ್ಲಿ ಊಟವಿತ್ತು. ಕಾಯಲಾರದೆ ಗಂಟೆ ಹೊಡೆಯುವ ಇಸಿದ್ರೊನನ್ನು ಎಳೆದು ನಿಲ್ಲಿಸಿ ನಿನೊಂಗ್ ಎಂದು ಅವನ ಹೆಸರನ್ನೇ ಬರೆದುಬಿಟ್ಟಿದ್ದರು. ಆ ನಕಲು ಅವಳ ಪೆಟ್ಟಿಗೆಯಲ್ಲಿ ಗೆದ್ದಲು ಕೂಡ ಮುಟ್ಟದೆ ಭದ್ರವಾಗಿತ್ತು. ತೆಗೆದು ತೋರಿಸಿದರೆ ಕುರ್ಚಿ ಉಳಿಯುತ್ತಿತ್ತು. ಇವತ್ತು ತೋರಿಸೋಣ, ನಾಳೆ ತೋರಿಸೋಣ ಎನ್ನುತ್ತ ಕ್ರಿಸ್‌ಮಸ್ ಬಂದೇಬಿಟ್ಟಿತು.

ಕ್ರಿಸ್‌ಮಸ್ ಬೆಳಗ್ಗೆ ಮಕ್ಕಳು ನಿನೊಂಗ್‌ಗಳ ಮನೆ ಮುತ್ತುವ ದಿನ. ಹಿರಿಯರ ಕೈ ಹಣೆಗೊತ್ತಿಕೊಂಡು ಉಡುಗೊರೆಗೆ ಕೈಯೊಡ್ಡುತ್ತವೆ. ಲೋಕದ ನಿನೊಂಗ್‌ಗಳೆಲ್ಲ ಆ ದಿನ ಹೊಟ್ಟೆನೋವೆಂದು ಕದ ಹಾಕಿಕೊಂಡರೆ, ಆನ್ಸೆಲ್ಮೊ ಮಾತ್ರ ಕೋಳಿ ಕೂಗುವ ಮುಂಚೆ ಕದ ತೆರೆದಿಟ್ಟು ಕೂರುತ್ತಿದ್ದ. ಈ ವರ್ಷವೂ ಕೂತಿದ್ದ. ಗಂಜಿ ಹಾಕಿದ ಬಿಳಿ ಬಾರೊಂಗ್ ಅಂಗಿ ತೊಟ್ಟು, ಹಿಂದೆ ಗೋಡೆಯೆತ್ತರ ಪೊಟ್ಟಣ ಪೇರಿಸಿಕೊಂಡಿದ್ದ. ಒಂದು ನರಪಿಳ್ಳೆಯೂ ಬಂದಿರಲಿಲ್ಲ. ಎದುರಿನ ಮಾವಿನ ಮರದ ಕೆಳಗೆ, ತೆಗೆಯುವ ಆದೇಶಕ್ಕೆ ಸಹಿ ಹಾಕಬೇಕಾದ ತಿಬುರ್ಸಿಯೊ ಪುಸ್ತಕ ಪೆನ್ಸಿಲು ಹಿಡಿದು, ನೆಂಟಸ್ತಿಕೆ ತೋರಿಸುತ್ತ ಯಾರು ಒಳಗೆ ಹೋಗುತ್ತಾರೆ ಎಂದು ಬರೆದುಕೊಳ್ಳಲು ಕಾದಿದ್ದ. ಇಗರ್ಜಿಯಿಂದ ಬರುವವರೆಲ್ಲ ಮಕ್ಕಳ ಕಣ್ಣು ಮುಚ್ಚಿ ರಸ್ತೆಯ ಆ ಬದಿಗೆ ಸರಿದು ನಡೆಯುತ್ತಿದ್ದರು.

ರುಫಿನಾ ಮಗಳ ಕೈ ಹಿಡಿದು ನೇರವಾಗಿ ಒಳಗೆ ನಡೆದಳು. ಒಂದು ಕೈಚೀಲದಲ್ಲಿ ಬಾಳೆಎಲೆಯಲ್ಲಿ ಸುಟ್ಟ ಬಿಸಿ ಬಿಬಿಂಗ್ಕಾ ರೊಟ್ಟಿ ಇತ್ತು, ಇನ್ನೊಂದರಲ್ಲಿ ಆ ನಕಲು. ಆನ್ಸೆಲ್ಮೊನ ಮುಖ ಅರಳಿತು. ನಕಲು ಮೇಜಿನ ಮೇಲೆ ಬಂದಾಗ ಬಾಡಿತು.

ಕನ್ನಡಕ ಏರಿಸಿ ಎರಡು ಸಲ ಓದಿದ. "ಇಸಿದ್ರೊ. ಇದು ಸರಿಯಾದ ಪುರಾವೆ, ಮಾರೆ. ಇದಕ್ಕೆ ಎದುರು ಮಾತಿಲ್ಲ."

"ಬಸ್ಸು ಕೆಟ್ಟಿತ್ತು ಅಂದಿದ್ರಿ ಆಗ."

"ಕೆಟ್ಟಿತ್ತು. ಹನ್ನೊಂದು ಕಿಲೋಮೀಟರ್ ನಡೆದೆ, ಕಂಕುಳಲ್ಲಿ ಹುಂಜ ಇತ್ತು. ನೀವು ಹುಂಜದ ಸಾರು ಕುಡಿದ್ರೆ ಹಾಲು ಚೆನ್ನಾಗಿ ಬರುತ್ತೆ ಅಂತ ಯಾರೋ ಹೇಳಿದ್ರು." ಅವನು ಜೇಬಿನಿಂದ ಮುದ್ರೆ ತೆಗೆದ, ಹಬ್ಬದ ದಿನವೂ ಅದು ಜೇಬಿನಲ್ಲಿತ್ತು. ಅದಕ್ಕೆ ಬಾಯಿಯ ಹಬೆ ಊದಿದ.

ರುಫಿನಾಳಿಗೆ ಆ ಹುಂಜ ನೆನಪಾಯಿತು. ಸಾರು ಮಾಡಲು ಯಾರಿಗೂ ಮನಸ್ಸು ಬಾರದೆ ಅದು ಏಳು ವರ್ಷ ಬದುಕಿ ಊರಿನವರ ನಿದ್ದೆಯನ್ನೆಲ್ಲ ತಿಂದಿತ್ತು. ನಗು ಬಂತು, ಅದರ ಬೆನ್ನಿಗೇ ಅಳು ಬಂತು. ನಕಲನ್ನು ಅವನ ಕೈಯಿಂದ ಎಳೆದು ಮೇಜಿನ ಮೇಲೆ ಹಾಸಿ, ಅದರ ಮೇಲೆ ಬಿಬಿಂಗ್ಕಾ ಇಟ್ಟಳು. ಬೆಣ್ಣೆ ಇಳಿದು ಇಸಿದ್ರೊನ ಹೆಸರು ಮಾಯವಾಯಿತು.

"ಬಾಳೆಎಲೆ ಹರಿದಿತ್ತು, ನಿಮ್ಮ ಮೇಜು ಜಿಡ್ಡಾಗ್ತಿತ್ತು," ಎಂದಳು. "ಕುರ್ಚಿ ಹೋದ್ರೆ ಹೋಗ್ಲಿ, ಪಾರೆ. ಲಿಗಾಯಾ, ನಿನೊಂಗ್ ಕೈ ಹಿಡ್ಕೊ."

ಲಿಗಾಯಾ ಅವನ ಕೈಯನ್ನು ಹಣೆಗೊತ್ತಿಕೊಂಡಳು. ಹೊರಗೆ ತಿಬುರ್ಸಿಯೊನ ಪೆನ್ಸಿಲು ಓಡಿತು. ಆಮೇಲೆ ನಿಂತಿತು. ಅವನೇ ಎದ್ದು, ಎಡಬಲ ನಾಯಿ ಇಲ್ಲವೆಂದು ನೋಡಿಕೊಂಡು, ರಸ್ತೆ ದಾಟಿ ಹೊಸಿಲ ಬಳಿ ಬಂದು ನಿಂತ.

"ನಂದೊಂದು ವಿಷಯ ಇದೆ, ಮೇಯರೇ. ಮೊನ್ನೆ ನನ್ನ ಹೆಂಡ್ತಿ ಹೆತ್ತಳು. ಗಂಡು. ಈ ಪುಸ್ತಕ ಹಿಡಿದ ಮೇಲೆ ಊರಲ್ಲಿ ಯಾರೂ ನನ್ನ ಮನೆ ಕಡೆ ತಲೆ ಹಾಕಲ್ಲ. ಫೋರ್ತುನಾತೊ ಮಾವ ಕೂಡ ಬರಲ್ಲ ಅಂದ. ನಿನೊಂಗ್ ಆಗಿ ನಿಲ್ಲೋರು ಯಾರೂ ಇಲ್ಲ." ಟೋಪಿ ತೆಗೆದು ತಿರುಚಿದ. "ನೀವು ಬರ್ತೀರಾ?"

ಆನ್ಸೆಲ್ಮೊ ಕಾನೂನು ನೆನೆದ, ಪತ್ರಿಕೆಯವನನ್ನು ನೆನೆದ, ಇಲ್ಲ ಎನ್ನಲು ಬಾಯಿ ತೆರೆದ. ಐವತ್ತು ವರ್ಷದಲ್ಲಿ ಆ ಬಾಯಿಗೆ ಆ ಮಾತಿನ ಅಭ್ಯಾಸವೇ ಆಗಿರಲಿಲ್ಲ.

"ಬರದೆ ಇರ್ತೀನಾ?" ಎಂದ. "ಎಷ್ಟು ಗಂಟೆಗೆ?"

ಜ್ಞಾನಸ್ನಾನ ಮೂವತ್ತನೆಯ ತಾರೀಖು ನಡೆಯಿತು. ಈ ಸಲ ಬಸ್ಸು ಕೆಡಲಿಲ್ಲ. ಹೊಸ ವರ್ಷದ ಮೊದಲ ಕೆಲಸದ ದಿನ ತಿಬುರ್ಸಿಯೊ ಹನ್ನೊಂದು ಮಂದಿಯನ್ನು ತೆಗೆಯುವ ಆದೇಶ ಹಿಡಿದು ಮೇಯರನ ಕೋಣೆಯ ಮುಂದೆ ತಲೆ ಕೆರೆಯುತ್ತ ನಿಂತ.

"ಸಹಿ ಹಾಕೋಣ ಅಂದ್ರೆ ನಾನೀಗ ನಿಮ್ಮ ನೆಂಟ, ಪಾರೆ. ನಾಲ್ಕನೇ ಕಲಮು ಬಿಡಲ್ಲ."

"ಹೊಟ್ಟೆಯ ಫೋಟೊ ತಂದಿದ್ದನಲ್ಲ ಪೊಲೀಸಿನವನು, ಅವನು ನೆಂಟ ಅಲ್ಲ. ಅವನು ಹಾಕಲಿ."

"ನಿನ್ನೆ ಅವನು ಮಗನ್ನ ಕರಕೊಂಡು ನಿಮ್ಮ ಮನೆಗೆ ಬಂದಿದ್ದು ನನ್ನ ಪುಸ್ತಕದಲ್ಲಿದೆ. ಮುದ್ರೆ ಒತ್ತಿಸಿಕೊಂಡೋರೆಲ್ಲ ಬಂದಿದ್ರು, ಸಹಿ ಹಾಕೋಕೆ ನೆಂಟನಲ್ಲದವನು ಒಬ್ಬನೂ ಉಳಿದಿಲ್ಲ. ಕ್ರಿಸ್‌ಮಸ್ ದಿನ ರುಫಿನಾ ನಿಮ್ಮನೆ ಒಳಗೆ ಹೋದ್ಲು ಅಂತ ಕೇಳಿ ನಾಚಿಕೆ ಆಯ್ತಂತೆ."

ಆನ್ಸೆಲ್ಮೊ ಕಾನೂನಿನ ಹಾಳೆ ಹಿಡಿದು ತಾನೇ ರುಫಿನಾಳ ಮೇಜಿನ ಹತ್ತಿರ ಬಂದ. ಅವಳು ತನ್ನ ತಗ್ಗಿದ ಕುರ್ಚಿಯಲ್ಲಿ ಕೂತು ತಿಬುರ್ಸಿಯೊನ ಮಗನ ಹೆಸರನ್ನು ದಫ್ತರಿಗೆ ಏರಿಸುತ್ತಿದ್ದಳು.

"ಈ ಕಾನೂನನ್ನ ಏನು ಮಾಡೋದು, ಮಾರೆ?"

"ಇಲ್ಲಿ ಕೊಡಿ," ಎಂದಳು ರುಫಿನಾ, ಪಕ್ಕದ ಬುಟ್ಟಿಯಿಂದ ಬಿಬಿಂಗ್ಕಾ ತೆಗೆಯುತ್ತ. "ಇವತ್ತೂ ಎಲೆ ಹರಿದಿದೆ."